ಮನೆಯ ಊಟದಲ್ಲೇ ಕ್ಯಾಲ್ಸಿಯಂ: ಲೆಕ್ಕ ಹಾಕುವುದು ಹೇಗೆ, ಕೊರತೆ ತುಂಬುವುದು ಹೇಗೆ

ನಾಲ್ಕು ಜನರ ಮನೆಗೆ ದಿನಕ್ಕೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಬರುತ್ತದೆ ಅಂದುಕೊಳ್ಳಿ. ಆ ಅರ್ಧ ಲೀಟರಿನಲ್ಲಿ ಇರುವುದು ಸುಮಾರು 600 ಮಿಲಿಗ್ರಾಂ ಕ್ಯಾಲ್ಸಿಯಂ. ನಾಲ್ವರಿಗೆ ಸಮನಾಗಿ ಹಂಚಿದರೆ ತಲೆಗೆ 150. ದೊಡ್ಡವರೊಬ್ಬರಿಗೆ ದಿನಕ್ಕೆ ಬೇಕಾದದ್ದು 1000. ಮಿಕ್ಕ 850 ಎಲ್ಲಿಂದ ಬರಬೇಕು?

ಈ ಪ್ರಶ್ನೆಯನ್ನು ಹೆಚ್ಚಿನ ಮನೆಗಳಲ್ಲಿ ಯಾರೂ ಕೇಳುವುದಿಲ್ಲ. ದಿನಾ ಕಾಫಿ ಕುಡಿಯುತ್ತೇವೆ, ಊಟದ ಕೊನೆಗೆ ಮಜ್ಜಿಗೆ ಇದ್ದೇ ಇರುತ್ತದೆ, ನಮಗೇನು ಕಮ್ಮಿ ಅನ್ನುವ ಧೈರ್ಯ. ಆ ಸಮ ಹಂಚಿಕೆಯೂ ನಿಜವಲ್ಲ. ಮಕ್ಕಳಿಗೆ ಒಂದು ಲೋಟ, ಗಂಡಸರ ಕಾಫಿಗೆ ಒಂದಿಷ್ಟು, ಉಳಿದದ್ದು ಹೆಪ್ಪಿಗೆ. ಕೊನೆಗೆ ಊಟಕ್ಕೆ ಕೂರುವ ಹೆಂಗಸಿಗೆ ನೀರು ಮಜ್ಜಿಗೆ. ಮುಂದೆ ಮೂಳೆ ಸವೆಯುವ ಅಪಾಯ ಹೆಚ್ಚಿರುವುದೂ ಅವಳಿಗೇ.

ಕೊರತೆ ತುಂಬಲು ಮೊದಲು ಮೆಡಿಕಲ್ ಶಾಪಿಗೆ ಹೋಗಬೇಕಿಲ್ಲ. ಅಡುಗೆಮನೆಯ ಡಬ್ಬಗಳನ್ನು ತೆರೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಅಲ್ಲೇ ಆಗುತ್ತದೆ. ಹೇಗೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲಿಗೆ, ದೇಹ ಕ್ಯಾಲ್ಸಿಯಂ ಅನ್ನು ಏನು ಮಾಡುತ್ತದೆ?

ಬೆಳೆದ ಮನುಷ್ಯನ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ 99 ಭಾಗ ಮೂಳೆ ಮತ್ತು ಹಲ್ಲಿನಲ್ಲಿ. ಉಳಿದ ಒಂದು ಭಾಗ ರಕ್ತದಲ್ಲಿ, ಸ್ನಾಯುಗಳಲ್ಲಿ, ಜೀವಕೋಶಗಳಲ್ಲಿ. ಈ ಒಂದು ಭಾಗ ಚಿಕ್ಕದು, ಆದರೆ ಅದಿಲ್ಲದೆ ಹೃದಯ ಬಡಿಯುವುದಿಲ್ಲ, ಸ್ನಾಯು ಕುಗ್ಗುವುದಿಲ್ಲ, ನರಗಳು ಸುದ್ದಿ ಸಾಗಿಸುವುದಿಲ್ಲ, ಗಾಯದ ರಕ್ತ ಹೆಪ್ಪುಗಟ್ಟುವುದಿಲ್ಲ.

ಅದಕ್ಕೇ ರಕ್ತದಲ್ಲಿನ ಮಟ್ಟವನ್ನು ದೇಹ ಬಹಳ ಬಿಗಿಯಾಗಿ ಕಾಯುತ್ತದೆ. ಕತ್ತಿನಲ್ಲಿ ಥೈರಾಯ್ಡ್ ಹಿಂದೆ ನಾಲ್ಕು ಪುಟ್ಟ ಗ್ರಂಥಿಗಳಿವೆ, ಪ್ಯಾರಾಥೈರಾಯ್ಡ್ ಅಂತ ಹೆಸರು. ರಕ್ತದಲ್ಲಿ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಇವು ಹಾರ್ಮೋನ್ ಬಿಡುತ್ತವೆ. ಆಗ ಮೂಳೆಯಿಂದ ಕ್ಯಾಲ್ಸಿಯಂ ಹೊರಬರುತ್ತದೆ. ಮೂಳೆ ನಮ್ಮ ಕಣಜ ಇದ್ದ ಹಾಗೆ. ಬೆಳೆ ಬಾರದ ವರ್ಷ ಕಣಜದಿಂದ ತೆಗೆದು ಉಣ್ಣುತ್ತೇವೆ, ಊಟಕ್ಕೇನೂ ತೊಂದರೆ ಕಾಣುವುದಿಲ್ಲ, ಆದರೆ ಒಳಗೆ ಧಾನ್ಯ ಇಳಿಯುತ್ತಿರುತ್ತದೆ.

ಇದರಿಂದ ಒಂದು ಮುಖ್ಯ ವಿಷಯ ತಿಳಿಯುತ್ತದೆ. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ನಾರ್ಮಲ್ ಬಂತು ಅಂದರೆ ಊಟದಲ್ಲಿ ಸಾಕಷ್ಟು ಸಿಗುತ್ತಿದೆ ಅಂತ ಅರ್ಥವಲ್ಲ. ವರ್ಷಗಟ್ಟಲೆ ಕಮ್ಮಿ ತಿಂದವರಿಗೂ ರಿಪೋರ್ಟಿನಲ್ಲಿ 9, 9.5 ಅಂತಲೇ ಬರಬಹುದು, ಏಕೆಂದರೆ ಮೂಳೆ ಆ ಅಂತರವನ್ನು ತುಂಬುತ್ತಿರುತ್ತದೆ. ಆದ್ದರಿಂದ ಊಟದ ಲೆಕ್ಕವನ್ನು ಊಟ ನೋಡಿಯೇ ಹಾಕಬೇಕು.

ಹೆಜ್ಜೆ 1: ಮನೆಯಲ್ಲಿ ಯಾರಿಗೆ ಎಷ್ಟು ಬೇಕು, ಬರೆದಿಟ್ಟುಕೊಳ್ಳಿ

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಭಾರತೀಯರಿಗೆ ಹೊಸ ಅಳತೆ ಕೊಟ್ಟವು. ಅದಕ್ಕೆ ಮೊದಲು ದೊಡ್ಡವರಿಗೆ 600 ಮಿ.ಗ್ರಾಂ. ಸಾಕು ಅನ್ನುತ್ತಿದ್ದರು. ಈಗ ಗಂಡಸರಿಗೂ ಹೆಂಗಸರಿಗೂ 1000. ಹಳೆಯ ಪುಸ್ತಕ ಇಟ್ಟುಕೊಂಡವರು ಇದನ್ನು ತಿದ್ದಿಕೊಳ್ಳಬೇಕು.

ದಿನವೊಂದಕ್ಕೆ, ಮಿಲಿಗ್ರಾಂ ಲೆಕ್ಕದಲ್ಲಿ:

- 1ರಿಂದ 3 ವರ್ಷ: 500
- 4ರಿಂದ 6 ವರ್ಷ: 550
- 7ರಿಂದ 9 ವರ್ಷ: 650
- 10ರಿಂದ 12 ವರ್ಷ: 850
- 13ರಿಂದ 15 ವರ್ಷ: 1000
- 16ರಿಂದ 18 ವರ್ಷ: 1050
- ದೊಡ್ಡವರು, ಬಸುರಿಯರು: 1000
- ಹಾಲೂಡಿಸುವ ತಾಯಂದಿರು, ಮುಟ್ಟು ನಿಂತ ಹೆಂಗಸರು: 1200

ಹತ್ತರಿಂದ ಹದಿನೆಂಟರ ಮಕ್ಕಳ ಅಂಕಿ ಗಮನಿಸಿ. ಹೆಚ್ಚುಕಮ್ಮಿ ಅಪ್ಪ ಅಮ್ಮನಿಗೆ ಬೇಕಾದಷ್ಟೇ ಅವರಿಗೂ ಬೇಕು. ಮೂಳೆ ಗಟ್ಟಿಯಾಗುವ ವಯಸ್ಸು ಅದು. ಮೂವತ್ತರ ಹೊತ್ತಿಗೆ ಮೂಳೆ ತನ್ನ ಗರಿಷ್ಠ ಗಟ್ಟಿತನ ತಲುಪುತ್ತದೆ. ಆಮೇಲೆ ಇರುವುದನ್ನು ಕಾಪಾಡಿಕೊಳ್ಳುವುದಷ್ಟೇ. ಸರಿಯಾಗಿ ಇದೇ ವಯಸ್ಸಿನಲ್ಲಿ ಮಕ್ಕಳು ಹಾಲು ಬೇಡ ಅನ್ನುತ್ತಾರೆ, ಹೆಣ್ಣುಮಕ್ಕಳು ದಪ್ಪ ಆಗುತ್ತೇನೆ ಅಂತ ಊಟ ಬಿಡುತ್ತಾರೆ. ತಂದೆತಾಯಿ ಗಟ್ಟಿಯಾಗಿ ನಿಲ್ಲಬೇಕಾದ ಜಾಗ ಇದು.

ಹೆಜ್ಜೆ 2: ಒಂದು ದಿನ ತಿಂದದ್ದನ್ನೆಲ್ಲ ಬರೆದು ಕೂಡಿಸಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಹಬ್ಬ ಹರಿದಿನ ಬೇಡ, ಮಾಮೂಲಿ ದಿನ ಒಂದನ್ನು ಆರಿಸಿ. ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಆಮೇಲೆ ಈ ಅಂಕಿಗಳನ್ನು ಹಚ್ಚಿ ನೋಡಿ. ಪ್ರತಿ 100 ಗ್ರಾಂ ಹಸಿ ಪದಾರ್ಥಕ್ಕೆ ಸುಮಾರಾಗಿ ಇಷ್ಟು ಕ್ಯಾಲ್ಸಿಯಂ: ಹಸುವಿನ ಹಾಲು, ಎಮ್ಮೆ ಹಾಲು ಎರಡೂ 120ರ ಆಸುಪಾಸು. ರಾಗಿ 364. ಅಕ್ಕಿ 8. ಗೋಧಿ ಹಿಟ್ಟು 31. ಜೋಳ 28. ತೊಗರಿಬೇಳೆ 70. ಹುರುಳಿ ಕಾಳು 269. ನುಗ್ಗೆ ಸೊಪ್ಪು 314. ಮೆಂತ್ಯ ಸೊಪ್ಪು 274. ಪಾಲಕ್ 82. ಕರಿಬೇವು 659. ಪನೀರ್ 476.

ರಾಗಿ ಮತ್ತು ಅಕ್ಕಿಯನ್ನು ಅಕ್ಕಪಕ್ಕ ಇಟ್ಟು ನೋಡಿ. ನಲವತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ!

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ನಲವತ್ತೈದರ ಒಬ್ಬ ಹೆಂಗಸಿನ ದಿನ ಹೀಗಿರಬಹುದು. ಬೆಳಗ್ಗೆ ಎರಡು ಸಲ ಕಾಫಿ, ಹಾಲು ಒಟ್ಟು 100 ಮಿ.ಲೀ.: 120. ನಾಲ್ಕು ಇಡ್ಲಿ, ಕಾಯಿ ಚಟ್ನಿ: 35. ಮಧ್ಯಾಹ್ನ ಅನ್ನ, ಸಾರು, ಹುರುಳಿಕಾಯಿ ಪಲ್ಯ: 80. ಒಂದು ಲೋಟ ತೆಳು ಮಜ್ಜಿಗೆ: 50. ಸಂಜೆ ಟೀ: 60. ರಾತ್ರಿ ಮೂರು ಚಪಾತಿ, ಆಲೂಗಡ್ಡೆ ಪಲ್ಯ: 50. ಕೂಡಿಸಿದರೆ 395. ಬೇಕಾದದ್ದು 1000. ಹೊಟ್ಟೆ ತುಂಬ ಉಂಡಿದ್ದಾಳೆ, ಮನೆಯ ಊಟವನ್ನೇ ಉಂಡಿದ್ದಾಳೆ, ಆದರೂ ಅರ್ಧಕ್ಕೂ ತಲುಪಿಲ್ಲ.

ಉತ್ತರ ಕರ್ನಾಟಕದ ಊಟದಲ್ಲೂ ಇದೇ ಕಥೆ ಬೇರೆ ರೀತಿಯಲ್ಲಿದೆ. ಜೋಳದ ರೊಟ್ಟಿಯಲ್ಲಿ ಒಳ್ಳೆಯದು ಬಹಳ ಇದೆ, ನಾರು ಇದೆ, ಆದರೆ ಕ್ಯಾಲ್ಸಿಯಂ ಹೆಚ್ಚೇನೂ ಇಲ್ಲ. ಅಲ್ಲಿ ಊಟವನ್ನು ಎತ್ತಿಹಿಡಿಯುವುದು ಪಕ್ಕದಲ್ಲಿ ಬರುವ ಗಟ್ಟಿ ಮೊಸರು, ಹಸಿ ಮೆಂತ್ಯ ಸೊಪ್ಪು, ಗುರೆಳ್ಳು ಚಟ್ನಿ ಪುಡಿ. ರೊಟ್ಟಿ ಉಳಿದು ಇವು ತಟ್ಟೆಯಿಂದ ಮಾಯವಾದರೆ ಲೆಕ್ಕ ಪೂರ್ತಿ ಕೆಡುತ್ತದೆ.

ಹೆಜ್ಜೆ 3: ದಿನಕ್ಕೆ ಒಂದು ಹೊತ್ತು ರಾಗಿ

ಒಂದೇ ಒಂದು ಬದಲಾವಣೆ ಮಾಡುವುದಿದ್ದರೆ ಇದನ್ನು ಮಾಡಿ. 80 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 290 ಮಿ.ಗ್ರಾಂ. ಕ್ಯಾಲ್ಸಿಯಂ. ಒಂದು ದೊಡ್ಡ ಲೋಟ ಹಾಲಿಗಿಂತ ಜಾಸ್ತಿ. ಬೆಲೆಯಲ್ಲಿ ಹಾಲಿಗಿಂತ ಎಷ್ಟೋ ಅಗ್ಗ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ‘ರಾಗಿ’ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು, ಇಳುವರಿ ಏರಿತು. ಅಷ್ಟೆಲ್ಲ ಕಷ್ಟಪಟ್ಟು ಬೆಳೆದ ಕಾಳನ್ನು ನಾವು ಬಡವರ ಊಟ, ಹಳ್ಳಿ ಊಟ ಅಂತ ಬದಿಗಿಟ್ಟು ಪಾಲಿಶ್ ಅಕ್ಕಿಗೆ ಹೋದದ್ದು ನನಗೆ ನಿಜಕ್ಕೂ ನೋವಿನ ವಿಷಯ.

ಮುದ್ದೆ ನುಂಗಲು ಬಾರದವರು ರಾಗಿ ರೊಟ್ಟಿ, ರಾಗಿ ದೋಸೆ, ಅಂಬಲಿ, ಗಂಜಿ ಮಾಡಿಕೊಳ್ಳಬಹುದು. ಇಡ್ಲಿ ಹಿಟ್ಟಿಗೆ ಅರ್ಧ ಅಕ್ಕಿಯ ಬದಲು ರಾಗಿ ಹಾಕಬಹುದು. ಹುರಿಹಿಟ್ಟನ್ನು ಬೆಲ್ಲ, ಹಾಲು, ತೆಂಗಿನ ತುರಿ ಹಾಕಿ ಕಲಸಿ ಮಕ್ಕಳಿಗೆ ಸಂಜೆ ಕೊಟ್ಟರೆ ಬಿಸ್ಕತ್ತಿನ ನೆನಪು ಬರುವುದಿಲ್ಲ.

ಇಲ್ಲಿ ಎರಡು ವಿಷಯ ಗೊತ್ತಿರಬೇಕು. ರಾಗಿಯ ಕ್ಯಾಲ್ಸಿಯಂನಲ್ಲಿ ದೊಡ್ಡ ಪಾಲು ಇರುವುದು ಮೇಲಿನ ಸಿಪ್ಪೆಯಲ್ಲಿ. ಬಿಳಿಚಿಕೊಂಡ, ನುಣ್ಣನೆ ಹಿಟ್ಟು ಬೇಕು ಅಂತ ಬಟ್ಟೆಯಲ್ಲಿ ಸೋಸಿದರೆ ಬೇಕಾದದ್ದೇ ಹೊರಗೆ ಹೋಗುತ್ತದೆ. ಕಾಳು ತಂದು, ಮರಳು ಕಲ್ಲು ತೆಗೆದು, ತೊಳೆದು ಒಣಗಿಸಿ ಗಿರಣಿಯಲ್ಲಿ ಬೀಸಿಸಿ. ಜರಡಿ ಹಿಡಿಯುವುದಾದರೆ ದೊಡ್ಡ ಕಣ್ಣಿನ ಜರಡಿ ಸಾಕು. ಕೂಸುಗಳಿಗೆ ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ಮಾಡುವ ‘ರಾಗಿ ಸರಿ’ ಜೀರ್ಣಕ್ಕೆ ಹಗುರ, ಆರು ತಿಂಗಳ ನಂತರ ಅದರಿಂದ ಶುರು ಮಾಡುವುದು ಸರಿಯೇ. ಆದರೆ ಮಗುವಿಗೆ ಒಂದು ವರ್ಷ ದಾಟಿದ ಮೇಲೂ ಅದನ್ನೇ ಮುಂದುವರಿಸಬೇಡಿ. ಮೊಳಕೆ ರಾಗಿಯ ಪೂರ್ತಿ ಹಿಟ್ಟಿಗೆ ಬದಲಾಯಿಸಿ.

ಎರಡನೆಯದು ಫೈಟೇಟ್. ಕಾಳುಗಳ ಸಿಪ್ಪೆಯಲ್ಲಿರುವ ಈ ಪದಾರ್ಥ ಕ್ಯಾಲ್ಸಿಯಂ, ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಕರುಳು ಅದನ್ನು ಪೂರ್ತಿ ಹೀರಲು ಬಿಡುವುದಿಲ್ಲ. ಮೊಳಕೆ ಬರಿಸಿದರೆ, ಹುಳಿ ಬರಿಸಿದರೆ ಫೈಟೇಟ್ ಕಮ್ಮಿಯಾಗುತ್ತದೆ. ರಾತ್ರಿ ಕಲಸಿಟ್ಟು ಬೆಳಗ್ಗೆ ಕುಡಿಯುವ ಹುಳಿ ಅಂಬಲಿಯ ಗುಣ ಅದೇ.

ಮೊಳಕೆ ರಾಗಿ ಹಿಟ್ಟು ಮಾಡುವ ಕ್ರಮ ಹೀಗೆ. ಒಂದು ಕಿಲೋ ರಾಗಿಯನ್ನು ನಾಲ್ಕೈದು ನೀರಿನಲ್ಲಿ ತೊಳೆಯಿರಿ, ತಳದ ಮರಳು ಬಿಡಿ. ರಾತ್ರಿ ನೆನೆಸಿ. ಬೆಳಗ್ಗೆ ನೀರು ಪೂರ್ತಿ ಬಸಿದು ಒದ್ದೆ ಹತ್ತಿ ಬಟ್ಟೆಯಲ್ಲಿ ಕಟ್ಟಿಡಿ. ಬಟ್ಟೆ ಒಣಗಿದರೆ ನೀರು ಚಿಮುಕಿಸಿ. ಒಂದರಿಂದ ಒಂದೂವರೆ ದಿನದಲ್ಲಿ ಬಿಳಿ ಮೊಳಕೆ ಇಣುಕುತ್ತದೆ. ಮೊಳಕೆ ಉದ್ದ ಬೆಳೆಯುವ ತನಕ ಕಾಯಬೇಡಿ. ತೆಳುವಾಗಿ ಹರಡಿ ಗರಿಗರಿ ಆಗುವ ತನಕ ಬಿಸಿಲಿನಲ್ಲಿ ಒಣಗಿಸಿ. ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಆರಿದ ಮೇಲೆ ಬೀಸಿಸಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು. ಒಣಗುವುದು ತಡವಾಗಿ ಬೂಸ್ಟು ಹಿಡಿದರೆ ಅಥವಾ ಮುಗ್ಗು ವಾಸನೆ ಬಂದರೆ ಪೂರ್ತಿ ಎಸೆಯಬೇಕು, ತೊಳೆದು ಬಳಸುವ ಹಾಗಿಲ್ಲ. ಎರಡು ದೊಡ್ಡ ಚಮಚ ಹಿಟ್ಟಿಗೆ 100 ಮಿ.ಲೀ. ಹಾಲು ಸೇರಿಸಿ ಮಾಲ್ಟ್ ಕಾಯಿಸಿದರೆ ಸುಮಾರು 200 ಮಿ.ಗ್ರಾಂ. ಸಿಗುತ್ತದೆ.

ಹೆಜ್ಜೆ 4: ಹಾಲು ಮೊಸರಿನ ಹಂಚಿಕೆ ಸರಿಪಡಿಸಿ

ಹಾಲಿನ ಕ್ಯಾಲ್ಸಿಯಂನಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ದೇಹಕ್ಕೆ ಸೇರುತ್ತದೆ. ಕಾಳು ಸೊಪ್ಪಿನಂತೆ ತಡೆಯುವ ಪದಾರ್ಥ ಅದರಲ್ಲಿಲ್ಲ. ಹಾಗಾಗಿ ಹಾಲು ಮೊಸರಿಗೆ ಅದರದೇ ಆದ ಜಾಗ ಇದೆ.

ಕ್ಯಾಲ್ಸಿಯಂ ಇರುವುದು ಹಾಲಿನ ನೀರಿನಂಶದ ಜೊತೆ, ಕೊಬ್ಬಿನಲ್ಲಿ ಅಲ್ಲ. ಕೆನೆ ತೆಗೆದ ಹಾಲಿನಲ್ಲೂ ಅಷ್ಟೇ ಇರುತ್ತದೆ, ಟೋನ್ಡ್ ಹಾಲಿನಲ್ಲೂ ಅಷ್ಟೇ. ಬೆಣ್ಣೆ ತುಪ್ಪದಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಮಕ್ಕಳ ಮೂಳೆಗೆ ಅಂತ ತುಪ್ಪ ಸುರಿಯುವವರು ಅದರ ಬದಲು ಒಂದು ಬಟ್ಟಲು ಮೊಸರು ಹಾಕಿದರೆ ಗುರಿ ಮುಟ್ಟುತ್ತದೆ. ಕುದಿಸಿದರೆ ಕ್ಯಾಲ್ಸಿಯಂ ಹಾಳಾಗುವುದಿಲ್ಲ.

ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಆಗುವವರು ನಮ್ಮಲ್ಲಿ ಬಹಳ ಜನ. ಹಾಲಿನ ಸಕ್ಕರೆ ಅರಗದಿರುವುದೇ ಕಾರಣ. ಮೊಸರಾದಾಗ ಆ ಸಕ್ಕರೆಯ ಒಂದು ಪಾಲು ಕರಗಿ ಹುಳಿಯಾಗಿರುತ್ತದೆ, ಆದ್ದರಿಂದ ಹೆಚ್ಚಿನವರಿಗೆ ಮೊಸರು ಒಗ್ಗುತ್ತದೆ. 150 ಗ್ರಾಂ ಗಟ್ಟಿ ಮೊಸರಿನಲ್ಲಿ ಸುಮಾರು 180 ಮಿ.ಗ್ರಾಂ. ಸಿಗುತ್ತದೆ. ಮಜ್ಜಿಗೆಯ ವಿಷಯದಲ್ಲಿ ಮಾತ್ರ ಮೋಸ ಹೋಗಬೇಡಿ. ಎರಡು ಚಮಚ ಮೊಸರಿಗೆ ಒಂದು ಲೋಟ ನೀರು ಬೆರೆಸಿದರೆ ಬಾಯಾರಿಕೆ ಹೋಗುತ್ತದೆ, ಅಷ್ಟೇ.

ಮನೆಯಲ್ಲಿ ಪನೀರ್ ಒಡೆಸಿದರೆ ಉಳಿಯುವ ತಿಳಿ ನೀರನ್ನು ಚೆಲ್ಲಬೇಡಿ. ಸ್ವಲ್ಪ ಕ್ಯಾಲ್ಸಿಯಂ ಅದರಲ್ಲೂ ಹೋಗಿರುತ್ತದೆ. ಚಪಾತಿ ಹಿಟ್ಟು ಕಲಸಲು, ಸಾರಿಗೆ ಬಳಸಿ.

ಸರ್ಕಾರಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಕ್ಷೀರಭಾಗ್ಯದ ಹಾಲನ್ನೂ ಲೆಕ್ಕಕ್ಕೆ ಸೇರಿಸಿ. 2013ರ ಆಗಸ್ಟಿನಲ್ಲಿ ಶುರುವಾದ ಈ ಯೋಜನೆಯಲ್ಲಿ ಒಂದು ಮಗುವಿಗೆ 150 ಮಿ.ಲೀ. ಹಾಲು ನಿಗದಿಯಾಗಿದೆ, ಅಂದರೆ ಸುಮಾರು 180 ಮಿ.ಗ್ರಾಂ. ಕ್ಯಾಲ್ಸಿಯಂ. ಮಗು ಅದನ್ನು ನಿಜವಾಗಿ ಕುಡಿಯುತ್ತಿದೆಯಾ ಅಂತ ಒಮ್ಮೆ ಕೇಳಿ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ತಾಯಿಹಾಲಿನ ಬದಲು ಹಸುವಿನ ಹಾಲು ಕುಡಿಸಬಾರದು.

ಹೆಜ್ಜೆ 5: ಸೊಪ್ಪು, ಕಾಳು, ಎಳ್ಳು, ಮೀನು

ಸೊಪ್ಪಿನಲ್ಲಿ ಎಲ್ಲವೂ ಒಂದೇ ಅಲ್ಲ. ಪಾಲಕ್‌ನಲ್ಲಿ ಆಕ್ಸಲೇಟ್ ಅನ್ನುವ ಪದಾರ್ಥ ಜಾಸ್ತಿ. ಅದು ಕ್ಯಾಲ್ಸಿಯಂ ಅನ್ನು ಗಟ್ಟಿಯಾಗಿ ಕಟ್ಟಿಹಾಕುತ್ತದೆ, ನೂರರಲ್ಲಿ ಐದು ಭಾಗ ದೇಹಕ್ಕೆ ಸಿಕ್ಕರೆ ದೊಡ್ಡದು. ದಂಟು, ಹರಿವೆಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಆದರೆ ಆಕ್ಸಲೇಟೂ ಇದೆ. ಇವುಗಳನ್ನು ಬಿಡಬೇಡಿ, ಬೇರೆ ಪೋಷಕಾಂಶಗಳಿಗಾಗಿ ಬೇಕೇ ಬೇಕು. ಕ್ಯಾಲ್ಸಿಯಂ ದೃಷ್ಟಿಯಿಂದ ನಾನು ಮೊದಲು ಆರಿಸುವುದು ನುಗ್ಗೆ ಮತ್ತು ಮೆಂತ್ಯ. ಒಂದು ಹೊತ್ತಿನ ನುಗ್ಗೆ ಸೊಪ್ಪಿನ ಪಲ್ಯದಲ್ಲಿ ತಲೆಗೆ 40 ಗ್ರಾಂ ಹಸಿ ಸೊಪ್ಪು ಬಿದ್ದರೂ 125 ಮಿ.ಗ್ರಾಂ. ಆಗುತ್ತದೆ. ಹಿತ್ತಲಿದ್ದವರಿಗೆ ಖರ್ಚೂ ಇಲ್ಲ.

ಕರಿಬೇವನ್ನು ತಟ್ಟೆಯ ಅಂಚಿಗೆ ತಳ್ಳುವವರೇ ಜಾಸ್ತಿ, ಅಲ್ವಾ? ನೆರಳಲ್ಲಿ ಒಣಗಿಸಿ ಚಟ್ನಿ ಪುಡಿ ಮಾಡಿಟ್ಟರೆ ಎಸೆಯುವ ಮಾತೇ ಇಲ್ಲ. ಹುರುಳಿಯನ್ನು ಮೊಳಕೆ ಕಟ್ಟಿ ಸಾರು, ಬಸ್ಸಾರು ಮಾಡಿ. ಕಟ್ಟು ಬಸಿದರೂ ಆ ನೀರು ಸಾರಿಗೇ ಹೋಗುವುದರಿಂದ ಏನೂ ನಷ್ಟವಿಲ್ಲ. ನೀರು ಚೆಲ್ಲುವ ಅಡುಗೆಗಿಂತ ನಮ್ಮ ಬಸ್ಸಾರಿನ ಪದ್ಧತಿ ಎಷ್ಟೋ ಮೇಲು.

ಎಳ್ಳಿನ ಅಂಕಿ ನೋಡಿದರೆ ಕಣ್ಣರಳುತ್ತದೆ. 100 ಗ್ರಾಮಿಗೆ 1200 ಮಿ.ಗ್ರಾಂ. ಮೀರುತ್ತದೆ. ಆದರೆ ಅದರಲ್ಲಿ ಬಹುಪಾಲು ಸಿಪ್ಪೆಯಲ್ಲಿ ಆಕ್ಸಲೇಟ್ ಜೊತೆ ಕಟ್ಟಿಕೊಂಡಿರುತ್ತದೆ. ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಕ್ಯಾಲ್ಸಿಯಂ ಬಹಳ ಇಳಿದುಹೋಗುತ್ತದೆ. ಹಾಗಾಗಿ ಎಳ್ಳನ್ನು ಊಟದ ಜೊತೆಗಾರ ಅಂತ ಇಟ್ಟುಕೊಳ್ಳಿ, ಅದೊಂದನ್ನೇ ನಂಬಬೇಡಿ. ಹುರಿದು ಪುಡಿ ಮಾಡಿದರೆ ಚೆನ್ನಾಗಿ ಅರಗುತ್ತದೆ. ಇಡೀ ಕಾಳು ಎಷ್ಟೋ ಸಲ ಹಾಗೇ ಹೊರಬೀಳುತ್ತದೆ. ಭೋಗಿ ಹಬ್ಬದಲ್ಲಿ ಎಳ್ಳು ಹಚ್ಚಿ ಬಡಿಯುವ ಸಜ್ಜೆ ರೊಟ್ಟಿಯನ್ನು ಚಳಿಗಾಲವಿಡೀ ಮಾಡಿದರೆ ಯಾರೂ ಬೇಡ ಅನ್ನುವುದಿಲ್ಲ.

ಕರಾವಳಿಯವರಿಗೆ ಇನ್ನೊಂದು ದಾರಿ ಇದೆ. ಮುಳ್ಳಿನ ಸಮೇತ ಜಗಿದು ತಿನ್ನಬಹುದಾದ ಸಣ್ಣ ಮೀನು. ಕ್ಯಾಲ್ಸಿಯಂ ಇರುವುದು ಮುಳ್ಳಿನಲ್ಲಿ. ಮುಳ್ಳು ಬಿಡಿಸಿ ಬರೀ ಮಾಂಸ ತಿಂದರೆ ಈ ಲಾಭ ಇಲ್ಲ. ಪುಟ್ಟ ಬೂತಾಯಿಯನ್ನು ಹುಳಿ ಹಾಕಿ ಹೆಚ್ಚು ಹೊತ್ತು ಬೇಯಿಸಿದರೆ ಮುಳ್ಳು ಮೆತ್ತಗಾಗುತ್ತದೆ. ದೊಡ್ಡ ಮೀನಿನ ಮುಳ್ಳು ಮಾತ್ರ ಬೇಡ.

ಬಾದಾಮಿ ಬಗ್ಗೆ ಒಂದು ಮಾತು. ಹತ್ತು ಬಾದಾಮಿಯಲ್ಲಿ 30 ಮಿ.ಗ್ರಾಂ. ಕೂಡ ಆಗುವುದಿಲ್ಲ. ಒಂದು ಮೊಟ್ಟೆಯಲ್ಲೂ ಅಷ್ಟೇ. ಬಾಳೆಹಣ್ಣಿನಲ್ಲಿ ಇಲ್ಲವೆಂದೇ ಹೇಳಬೇಕು. ಎಲ್ಲವೂ ಒಳ್ಳೆಯವೇ, ಆದರೆ ಕ್ಯಾಲ್ಸಿಯಂಗಾಗಿ ಇವಕ್ಕೆ ದುಡ್ಡು ಹಾಕುವುದು ಬೇಡ.

ಈಗ ಆ ನಲವತ್ತೈದರ ಹೆಂಗಸಿನ ತಟ್ಟೆಗೆ ಮರಳೋಣ. ರಾತ್ರಿ ಚಪಾತಿಯ ಬದಲು ಮುದ್ದೆ, ನುಗ್ಗೆ ಸೊಪ್ಪು ಬೆರೆಸಿದ ಮೊಳಕೆ ಹುರುಳಿ ಸಾರು. ಮಧ್ಯಾಹ್ನ ತೆಳು ಮಜ್ಜಿಗೆಯ ಜಾಗದಲ್ಲಿ ಒಂದು ಬಟ್ಟಲು ಗಟ್ಟಿ ಮೊಸರು. ಇಡ್ಲಿ ಜೊತೆ ಕರಿಬೇವು, ಎಳ್ಳಿನ ಚಟ್ನಿ ಪುಡಿ. 395 ಇದ್ದದ್ದು 1000ದ ಹತ್ತಿರ ಬರುತ್ತದೆ. ಒಂದು ಮಾತ್ರೆಯೂ ಬೇಕಾಗಿಲ್ಲ.

ಹೆಜ್ಜೆ 6: ಬಿಸಿಲು, ಉಪ್ಪು, ಓಡಾಟ

ವಿಟಮಿನ್ ಡಿ ಸಾಕಷ್ಟಿಲ್ಲದಿದ್ದರೆ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರುವುದಿಲ್ಲ. ಅದು ಚರ್ಮದಲ್ಲಿ ತಯಾರಾಗಲು ಬಿಸಿಲು ಬೇಕು. ಎಳೆ ಬಿಸಿಲು ಒಳ್ಳೆಯದು ಅನ್ನುವ ಮಾತು ರೂಢಿಯಲ್ಲಿದೆ, ಆದರೆ ಬೇಕಾದ ಕಿರಣಗಳು ಆ ಹೊತ್ತಿನಲ್ಲಿ ಕಮ್ಮಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತು ಸರಿಯಾದ ಹೊತ್ತು. ಹತ್ತೂವರೆ ಹನ್ನೊಂದರಿಂದ ಮೂರು ಗಂಟೆ ತನಕ. ಕೈ, ಮುಖ, ಕಾಲಿಗೆ ಬೀಳುವಂತೆ ವಾರದಲ್ಲಿ ಹಲವು ದಿನ ಇಪ್ಪತ್ತು ಮೂವತ್ತು ನಿಮಿಷ. ಚರ್ಮ ಕಪ್ಪಿದ್ದಷ್ಟೂ ಹೊತ್ತು ಜಾಸ್ತಿ ಬೇಕು. ಕಿಟಕಿಯ ಗಾಜಿನ ಹಿಂದೆ ಕೂತರೆ ಉಪಯೋಗವಿಲ್ಲ, ಆ ಕಿರಣಗಳನ್ನು ಗಾಜು ತಡೆಯುತ್ತದೆ. ಇಂಗ್ಲೆಂಡ್, ಕೆನಡಾದಲ್ಲಿ ನೆಲೆಸಿರುವ ನಮ್ಮವರಿಗೆ ಚಳಿಗಾಲದಲ್ಲಿ ಬಿಸಿಲಿದ್ದರೂ ವಿಟಮಿನ್ ಡಿ ಸಿಗುವುದಿಲ್ಲ. ಅವರು ಅಲ್ಲಿನ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳುವುದೇ ಸರಿ.

ಉಪ್ಪು ಜಾಸ್ತಿ ತಿಂದರೆ ಮೂತ್ರದಲ್ಲಿ ಸೋಡಿಯಂ ಜೊತೆ ಕ್ಯಾಲ್ಸಿಯಂ ಕೂಡ ಹೊರಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕುರುಕಲು ಎಲ್ಲ ಸೇರಿಸಿ ಯೋಚಿಸಿ. ದಿನಕ್ಕೆ ಎರಡು ಮೂರು ಕಾಫಿಯಿಂದ ದೊಡ್ಡ ನಷ್ಟವಿಲ್ಲ.

ಮೂಳೆಗೆ ಭಾರ ಬೀಳದಿದ್ದರೆ ಅದು ಗಟ್ಟಿಯಾಗುವುದಿಲ್ಲ. ನಡಿಗೆ, ಮೆಟ್ಟಿಲು ಹತ್ತುವುದು, ನೆಲದ ಮೇಲೆ ಕೂತು ಏಳುವುದು, ಮಕ್ಕಳಿಗೆ ಕುಂಟೆಬಿಲ್ಲೆ, ಹಗ್ಗದಾಟ. ಈಜು ಒಳ್ಳೆಯ ವ್ಯಾಯಾಮ, ಆದರೆ ಮೂಳೆಗೆ ನಡಿಗೆಯಷ್ಟು ಆಗುವುದಿಲ್ಲ.

ಹೆಜ್ಜೆ 7: ಮಾತ್ರೆ ಬೇಕಾದಾಗ

ಇಷ್ಟೆಲ್ಲ ಮಾಡಿಯೂ ಲೆಕ್ಕ ತುಂಬದವರು ಇರುತ್ತಾರೆ. ಹಾಲು ಮುಟ್ಟದವರು, ಊಟ ಕಮ್ಮಿಯಾದ ವಯಸ್ಸಾದವರು, ಮೂಳೆ ಸವೆತಕ್ಕೆ ಚಿಕಿತ್ಸೆ ಪಡೆಯುತ್ತಿರುವವರು. ಅಂಥವರಿಗೆ ಡಾಕ್ಟರ್ ಮಾತ್ರೆ ಬರೆಯುತ್ತಾರೆ. ಊಟದಿಂದ 700 ಸಿಗುತ್ತಿದ್ದರೆ ಮಾತ್ರೆ ತುಂಬಬೇಕಾದದ್ದು 300 ಮಾತ್ರ. ನೀವು ಎರಡನೇ ಹೆಜ್ಜೆಯಲ್ಲಿ ಬರೆದ ಚೀಟಿಯನ್ನು ಡಾಕ್ಟರಿಗೆ ತೋರಿಸಿ.

ಮಾತ್ರೆಯ ಪಟ್ಟಿಯ ಹಿಂಬದಿ ಓದಿ. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ. ಅಂತ ಇದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500. ಕಾರ್ಬೊನೇಟ್ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಹೊಟ್ಟೆಯ ಆಮ್ಲ ಬೇಕು ಅದಕ್ಕೆ. ಸಿಟ್ರೇಟ್ ಆದರೆ ಯಾವಾಗಲಾದರೂ ಸರಿ. ಗ್ಯಾಸ್ಟ್ರಿಕ್ ಮಾತ್ರೆಯನ್ನು ದಿನಾ ತಿನ್ನುವವರಿಗೆ ಸಿಟ್ರೇಟ್ ಒಳ್ಳೆಯದು. ಒಂದೇ ಸಲಕ್ಕೆ 500ಕ್ಕಿಂತ ಜಾಸ್ತಿ ತೆಗೆದುಕೊಂಡರೆ ಹೀರಿಕೊಳ್ಳುವ ಪ್ರಮಾಣ ಇಳಿಯುತ್ತದೆ, ಎರಡು ಹೊತ್ತಿಗೆ ಹಂಚಿ.

ಕಬ್ಬಿಣದ ಮಾತ್ರೆ ಜೊತೆ ಇದನ್ನು ನುಂಗಬೇಡಿ. ಕನಿಷ್ಠ ಎರಡು ಗಂಟೆ ಅಂತರ ಇರಲಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ. ಕೆಲವು ಆಂಟಿಬಯಾಟಿಕ್‌ಗಳೂ ಇದರ ಜೊತೆ ಕೆಲಸ ಮಾಡುವುದಿಲ್ಲ. ಬೆಳಗ್ಗೆ ಎಲ್ಲ ಮಾತ್ರೆಗಳನ್ನು ಒಟ್ಟಿಗೆ ಅಂಗೈಗೆ ಹಾಕಿಕೊಂಡು ನುಂಗುವ ಅಭ್ಯಾಸ ನಮ್ಮ ಹಿರಿಯರಲ್ಲಿ ಬಹಳ. ಅಪ್ಪ ಅಮ್ಮನ ಡಬ್ಬಿಯನ್ನು ಒಮ್ಮೆ ನೀವೇ ಕೂತು ಜೋಡಿಸಿಕೊಡಿ.

ಬಸುರಿಯರಿಗೆ ನಮ್ಮ ದೇಶದ ಸರ್ಕಾರಿ ನಿಯಮ ಸ್ಪಷ್ಟವಾಗಿದೆ. ನಾಲ್ಕನೇ ತಿಂಗಳಿಂದ ಹೆರಿಗೆ ತನಕ, ಹೆರಿಗೆಯಾದ ಮೇಲೂ ಆರು ತಿಂಗಳು, ದಿನಕ್ಕೆ ಎರಡು ಸಲ 500 ಮಿ.ಗ್ರಾಂ. ಮಾತ್ರೆ, ಊಟದ ಜೊತೆ. ಕ್ಯಾಲ್ಸಿಯಂ ಕಮ್ಮಿ ತಿನ್ನುವ ಬಸುರಿಯರಲ್ಲಿ ಬಿ.ಪಿ. ಏರಿ ನಂಜಾಗುವ ಅಪಾಯವನ್ನು ಇದು ತಗ್ಗಿಸುತ್ತದೆ. ತಾಯಿ ಕಾರ್ಡ್ ಮಾಡಿಸಿದಾಗ ಈ ಮಾತ್ರೆ ಕೇಳಿ ಪಡೆಯಿರಿ. ಕಬ್ಬಿಣದ ಮಾತ್ರೆಯನ್ನು ಮಲಗುವ ಮುಂಚೆಗೆ ಇಟ್ಟುಕೊಂಡರೆ ಎರಡೂ ಗುದ್ದಾಡುವುದಿಲ್ಲ.

ವಿಟಮಿನ್ ಡಿ 60,000 ಐ.ಯು. ಪುಡಿ, ಮಾತ್ರೆ ವಾರಕ್ಕೊಂದರಂತೆ ಇಷ್ಟು ವಾರ ಅಂತ ಬರೆದುಕೊಡುತ್ತಾರೆ. ಅದನ್ನು ದಿನಾ ತಿಂದು, ಅಥವಾ ವಾರಗಳು ಮುಗಿದ ಮೇಲೂ ಸುಮ್ನೆ ಮುಂದುವರಿಸಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಹೊಡೆತ ಬೀಳುವುದುಂಟು. ಚೀಟಿಯಲ್ಲಿ ಬರೆದಷ್ಟೇ, ಒಂದೂ ಜಾಸ್ತಿ ಬೇಡ. ಊಟ, ಮಾತ್ರೆ ಎಲ್ಲ ಸೇರಿ ಕ್ಯಾಲ್ಸಿಯಂ ದಿನಕ್ಕೆ 2500 ಮಿ.ಗ್ರಾಂ. ದಾಟಬಾರದು.

ಮೂಳೆ ಪರೀಕ್ಷೆ ಯಾರಿಗೆ?

ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಅನ್ನುವ ಹಾರ್ಮೋನ್ ಇಳಿದು ಮೊದಲ ಕೆಲವು ವರ್ಷ ಮೂಳೆ ವೇಗವಾಗಿ ಸವೆಯುತ್ತದೆ. ನೋವಿಲ್ಲ, ಸೂಚನೆ ಇಲ್ಲ. ಎತ್ತರ ಕಮ್ಮಿಯಾದದ್ದು, ಬೆನ್ನು ಬಾಗಿದ್ದು, ಸಣ್ಣಗೆ ಬಿದ್ದರೂ ಮಣಿಕಟ್ಟು ಮುರಿದದ್ದು ಕಂಡರೆ ತಡ ಮಾಡಬೇಡಿ. ಸ್ಟೀರಾಯ್ಡ್ ಮಾತ್ರೆ ತಿಂಗಳುಗಟ್ಟಲೆ ತಿಂದವರು, ಬೇಗ ಮುಟ್ಟು ನಿಂತವರು ಅಥವಾ ಅಂಡಾಶಯ ತೆಗೆಸಿದವರು, ತಾಯಿಗೆ ಸೊಂಟದ ಮೂಳೆ ಮುರಿದಿದ್ದವರು ಡಾಕ್ಟರ ಬಳಿ ಡೆಕ್ಸಾ ಸ್ಕ್ಯಾನ್ (ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ) ಬಗ್ಗೆ ಕೇಳಬೇಕು. ಅದರಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಕರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ. ಆ ಹಂತದಲ್ಲಿ ಬರೀ ರಾಗಿ, ಹಾಲು ಸಾಲದು, ಔಷಧಿ ಬೇಕು.

ಜನ ಮತ್ತೆ ಮತ್ತೆ ಕೇಳುವುದು

ಉಗುರಿನ ಮೇಲೆ ಬಿಳಿ ಚುಕ್ಕೆ ಬಂದರೆ ಕ್ಯಾಲ್ಸಿಯಂ ಕಮ್ಮಿಯೇ? ಅಲ್ಲ. ಹೆಚ್ಚಾಗಿ ಉಗುರಿನ ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತು ಅದು.

ಮಂಡಿ ನೋವಿಗೆ ಕ್ಯಾಲ್ಸಿಯಂ ಮಾತ್ರೆ? ವಯಸ್ಸಾದ ಮೇಲೆ ಬರುವ ಮಂಡಿ ನೋವು ಬಹುಪಾಲು ಕೀಲಿನ ಮೆತ್ತೆ ಸವೆದು ಬರುವುದು. ಕ್ಯಾಲ್ಸಿಯಂ ಅದನ್ನು ವಾಸಿ ಮಾಡುವುದಿಲ್ಲ. ತೂಕ ಇಳಿಸುವುದು, ತೊಡೆಯ ಸ್ನಾಯು ಬಲಪಡಿಸುವುದು ನಿಜವಾದ ದಾರಿ.

ಬಾಣಂತಿಗೆ ಎಲೆ ಅಡಿಕೆ ಸುಣ್ಣ? ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ, ಹಿರಿಯರ ಮಾತಿನಲ್ಲಿ ಸತ್ಯ ಇದೆ. ಆದರೆ ಅಡಿಕೆ ಬಾಯಿಯ ಕ್ಯಾನ್ಸರ್ ತರುತ್ತದೆ ಅನ್ನುವುದು ದೃಢಪಟ್ಟಿದೆ. ತಂಬಾಕು ಸೇರಿದರೆ ಇನ್ನೂ ಕೆಟ್ಟದ್ದು. ಅಷ್ಟು ಕ್ಯಾಲ್ಸಿಯಂ ಅನ್ನು ರಾಗಿ ಗಂಜಿಯಿಂದಲೇ ಪಡೆಯಬಹುದು.

ಫಿಲ್ಟರ್ ನೀರಿನಿಂದ ಕಮ್ಮಿ ಆಗುತ್ತದಾ? ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಆರ್.ಓ. ಅದನ್ನು ಬಹುಪಾಲು ತೆಗೆಯುತ್ತದೆ. ಆದರೂ ಇದಕ್ಕಾಗಿ ಫ್ಲೋರೈಡ್ ಇರುವ ಬೋರ್‌ವೆಲ್ ನೀರನ್ನು ಹಾಗೇ ಕುಡಿಯಬೇಡಿ, ಫ್ಲೋರೈಡ್ ಮೂಳೆಯನ್ನೇ ಕೆಡಿಸುತ್ತದೆ.

ಕಿಡ್ನಿಯಲ್ಲಿ ಕಲ್ಲಾದವರು ಹಾಲು, ರಾಗಿ ಬಿಡಬೇಕಾ? ಬಿಡಬಾರದು. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದ ಜೊತೆ ಹೊರಹಾಕುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ತೀರಾ ಕಮ್ಮಿ ಮಾಡಿದರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಹೋಗುತ್ತದೆ, ಕಲ್ಲು ಇನ್ನೂ ಜಾಸ್ತಿಯಾಗುತ್ತದೆ. ಅಂಥವರು ಕಮ್ಮಿ ಮಾಡಬೇಕಾದದ್ದು ಉಪ್ಪು, ಹೆಚ್ಚು ಮಾಡಬೇಕಾದದ್ದು ನೀರು. ಪಾಲಕ್ ಮಾಡಿದ ದಿನ ಜೊತೆಗೆ ಮೊಸರು ಇರಲಿ. ಕ್ಯಾಲ್ಸಿಯಂ ಮಾತ್ರೆಯ ವಿಷಯ ಬೇರೆ. ಒಮ್ಮೆ ಕಲ್ಲು ಬಂದವರು ಡಾಕ್ಟರಿಗೆ ಅದನ್ನು ಹೇಳಿದ ಮೇಲೆಯೇ ಮಾತ್ರೆ ಶುರು ಮಾಡಬೇಕು.